ಕತ್ತರಿ ಯಾರ ಕೈಯಾಗ?

ಮಕ್ಕಳು ಮೊಬೈಲಿನ್ಯಾಗ ಯಾವ ಸಿನಿಮಾ ನೋಡಬೇಕು, ಯಾವುದು ನೋಡಬಾರದು ಅನ್ನೋ ಮಾತು ಈಗ ಮನಿ ಮನಿಯಾಗ ನಡದದ. ಸಾಲಿ ಗುರುಗಳೂ ಪಾಲಕರ ಸಭೆಯಲ್ಲಿ ಇದನ್ನೇ ಹೇಳತಾರ. ಇದು ನಿನ್ನೆ ಮೊನ್ನೆ ಹುಟ್ಟಿದ ಚಿಂತಿ ಅಂತ ಬಹಳ ಮಂದಿ ತಿಳಕೊಂಡಾರ. ಆದರ ನಮ್ಮ ದೇಶದಾಗ ಸಿನಿಮಾದ ಬೆನ್ನಿಗೇ ಕತ್ತರಿನೂ ಬಂದದ. ನನ್ನ ಓದು ಏಳನೇ ಇಯತ್ತೆ. ಹಗಲು ಹೊಲ, ರಾತ್ರಿ ಗೀಗೀ ಪದ. ಉಮರಗಾ, ನಿಲಂಗಾ, ಉದಗೀರ ಕಡಿ ನಾ ಕಂಡದ್ದು, ವಾಚನಾಲಯದಾಗ ಓದಿ ತಿಳಕೊಂಡದ್ದು ಸೇರಿಸಿ ಬರೀತೀನಿ.

ದಾದಾಸಾಹೇಬ ಫಾಳಕೆಯವರು 'ರಾಜಾ ಹರಿಶ್ಚಂದ್ರ' ತೋರಿಸಿದ್ದು 1913ರಲ್ಲಿ. ಐದೇ ವರ್ಷಕ್ಕ, 1918ರಲ್ಲಿ, ಬ್ರಿಟಿಷರು ಸಿನಿಮಾ ಕಾಯ್ದೆ ಮಾಡಿದರು. 1920ರಲ್ಲಿ ಮುಂಬಯಿ, ಕಲಕತ್ತಾ, ಮದ್ರಾಸ, ರಂಗೂನಿನಲ್ಲಿ ಸೆನ್ಸಾರ ಮಂಡಳಿ ಕೂತವು. ಆಗ ನಮ್ಮ ಭಾಗ ನಿಜಾಮನ ಸಂಸ್ಥಾನ. ಉದಗೀರ, ನಿಲಂಗಾ ಬೀದರ ಜಿಲ್ಲಾದ ತಾಲೂಕುಗಳು. 1948ರ ಸೆಪ್ಟೆಂಬರ 17ಕ್ಕೆ ನಮಗ ವಿಮೋಚನೆ ಆಯಿತು. ಮರುವರ್ಷ, 1949ರ ತಿದ್ದುಪಡಿಯಿಂದ, ಎಲ್ಲರೂ ನೋಡೋ ಚಿತ್ರಕ್ಕ 'ಯು', ದೊಡ್ಡವರಿಗಷ್ಟೇ ಅನ್ನೋದಕ್ಕ 'ಎ' ಅಂತ ಎರಡು ತರಗತಿ ಬಂದವು. ಈಗಲೂ ತಳಪಾಯ ಆಗಿರೋದು 1952ರ ಕಾಯ್ದೆ. 1983ರಲ್ಲಿ ನಡುವಿನ 'ಯುಎ' ಸೇರಿತು. 'ಸೆನ್ಸಾರ ಮಂಡಳಿ' ಅನ್ನೋ ಹೆಸರು ಹೋಗಿ 'ಪ್ರಮಾಣೀಕರಣ ಮಂಡಳಿ' ಆಯಿತು. ಹೆಸರು ಬದಲಾದರೂ ಕೆಲಸ ಬಿಡಲಿಲ್ಲ.

ಇದರ ವಿರುದ್ಧ ಕೋರ್ಟಿಗೆ ಹೋದವರೂ ಇದ್ದರು. ಕೆ. ಎ. ಅಬ್ಬಾಸರು ನಾಲ್ಕು ಶಹರಗಳ ಬಗ್ಗೆ ಸಣ್ಣ ಸಾಕ್ಷ್ಯಚಿತ್ರ ಮಾಡಿ, 'ಯು' ಸಿಗದಿದ್ದಾಗ ಸುಪ್ರೀಂ ಕೋರ್ಟಿನ ತನಕ ಹೋದರು. 1970ರಲ್ಲಿ ತೀರ್ಪು ಬಂತು. ಪುಸ್ತಕಕ್ಕಿಂತ ಸಿನಿಮಾ ಮನಸ್ಸಿಗೆ ಹೆಚ್ಚು ನಾಟತದ, ತೋರಿಸೋ ಮೊದಲೇ ತಪಾಸಣೆ ಮಾಡೋದು ಸಂವಿಧಾನಕ್ಕ ಹೊರತಲ್ಲ ಅಂದಿತು ಕೋರ್ಟ.

ನಾವು ಹುಡುಗರಿದ್ದಾಗ ಸಿನಿಮಾ ಅಂದ್ರ ಜಾತ್ರಿಯ ಟೆಂಟ. ಜನರೇಟರ ಗುಡುಗುಡು ಅಂತಿತ್ತು. ಮೊದಲು ಪರದೆ ಮ್ಯಾಲ ಸರ್ಟಿಫಿಕೇಟ ಬರತಿತ್ತು, ನಾವು ಸಿಳ್ಳಿ ಹೊಡಿತಿದ್ದೆವು. ಅದರ ಮೂಲಿಯಾಗ ತ್ರಿಕೋನ ಇದ್ದರ ಆ ಚಿತ್ರಕ್ಕ ಕತ್ತರಿ ಬಿದ್ದದ ಅಂತ ಅರ್ಥ. ಇದು ನಮಗ ಆಗ ಯಾರೂ ಹೇಳಿರಲಿಲ್ಲ. 'ಎ' ಚಿತ್ರ ಬಂದರ ಬಾಗಿಲದವ ಮೀಸಿ ನೋಡಿ ಒಳಗ ಬಿಡತಿದ್ದ. ಹೆಣ್ಣಮಕ್ಕಳಿಗೆ ಮಾತ್ರ ವಯಸ್ಸು ಎಷ್ಟಾದರೂ ಪ್ರವೇಶ ಇರಲಿಲ್ಲ. ಕಾಯ್ದೆಯಲ್ಲಿ ಹೀಗೆ ಬರೆದಿಲ್ಲ, ಊರು ಬರಕೊಂಡಿತ್ತು.

1980ರ ಹೊತ್ತಿಗೆ ವಿಸಿಆರ ಬಂತು. ಲಗ್ನ, ಗಣಪತಿ ಹಬ್ಬಕ್ಕ ತಾಲೂಕಿನಿಂದ ಟಿ.ವಿ., ವಿಸಿಆರ ಬಾಡಿಗಿ ತಂದು ಒಂದೇ ರಾತ್ರಿ ಮೂರು ಚಿತ್ರ ನೋಡತಿದ್ದರು. ಕ್ಯಾಸೆಟ್ಟಿನ ಮ್ಯಾಲೂ ಸರ್ಟಿಫಿಕೇಟ ತೋರಿಸಬೇಕು ಅಂತ 1984ರಲ್ಲಿ ನಿಯಮ ಬಂತು, ಕಳ್ಳ ಕ್ಯಾಸೆಟ್ಟಿಗೆ ಯಾವ ನಿಯಮ? ಆಗ ಮನಿಯ ಹಿರಿಯರೇ ಮಂಡಳಿ. ಬ್ಯಾಡಾದ ದೃಶ್ಯ ಬಂದರ ಗುಂಡಿ ಒತ್ತಿ ಮುಂದ ಓಡಸತಿದ್ದರು. ಮೂರನೇ ಚಿತ್ರ ಹಾಕೋ ಮೊದಲು 'ಸಣ್ಣವರು, ಹೆಣ್ಣಮಕ್ಕಳು ಮಲಗ್ರಿ' ಅಂತ ಅಪ್ಪಣಿ ಆಗತಿತ್ತು.

1991ರಿಂದ ಕೇಬಲ್ ಬಂತು, 1995ರಲ್ಲಿ ಕೇಬಲ್ ಕಾಯ್ದೆ. ಮುಂಬಯಿಯ ಪ್ರಾಧ್ಯಾಪಕಿ ಪ್ರತಿಭಾ ನೈಥಾನಿ ಅವರು ಹೂಡಿದ ಅರ್ಜಿ ಮ್ಯಾಲ ಅಲ್ಲಿಯ ಹೈಕೋರ್ಟ, ಟಿ.ವಿ.ಯಲ್ಲಿ 'ಎ' ಚಿತ್ರ ತೋರಿಸಬಾರದು ಅಂದಿತು. ಮುಂದ ಸೆಟ್‌ಟಾಪ್ ಬಾಕ್ಸ್ ಬಂದು ನಾಲ್ಕು ಅಂಕಿಯ ಕೀಲಿ ಮನಿಯವರ ಕೈಗೆ ಸಿಕ್ಕಿತು.

ಅಮೆರಿಕಾದಾಗ ಇದೇ ಕಥಿ ಬ್ಯಾರೆ ದಾರಿ ಹಿಡೀತು. 1996ರ ಕಾಯ್ದೆಯಿಂದ ಟಿ.ವಿ.ಯೊಳಗ 'ವಿ-ಚಿಪ್' ಅನ್ನೋ ತಡೆಯ ಚಿಪ್ಪು ಕಡ್ಡಾಯ ಆಯಿತು. 1998ರಲ್ಲಿ ಯೂಟಾ ರಾಜ್ಯದ ಒಂದು ವಿಡಿಯೋ ಅಂಗಡಿಯವ ಮಂದಿ ತಂದ 'ಟೈಟಾನಿಕ್' ಟೇಪಿನಿಂದ ಬೆತ್ತಲೆ ದೃಶ್ಯ ಕತ್ತರಿಸಿಕೊಡೋಕ್ಕ 5 ಡಾಲರ ತಗೋತಿದ್ದ. ಹೀಗೆ ಕತ್ತರಿಸಿ ಮಾರೋ ಕಂಪನಿಗಳು ಹುಟ್ಟಿದವು, ಸಿನಿಮಾದವರು ಕೋರ್ಟಿಗೆ ಹೋದರು. 2005ರ ಕಾಯ್ದೆ ಒಂದು ಗೆರೆ ಎಳೀತು: ಮನಿಯಾಗ ನೋಡೋವಾಗ ಯಂತ್ರ ಆ ದೃಶ್ಯ ಜಿಗಿದರ, ಬೈಗುಳ ಬಂದಲ್ಲಿ ದನಿ ಮುಚ್ಚಿದರ ತಪ್ಪಲ್ಲ, ಆದರ ಬದಲಾದ ಪ್ರತಿ ಉಳಿಸಬಾರದು. ಕತ್ತರಿಸಿದ ಪ್ರತಿ ಮಾರೋದು ತಪ್ಪು ಅಂತ ಮರುವರ್ಷ ಕೋರ್ಟ ಹೇಳಿತು. ಇಂಥ ಯಂತ್ರದಾಗ ಸಿನಿಮಾದ ಜೋಡಿ ಒಂದು ಪಟ್ಟಿ ಇರತದ: ಇಷ್ಟನೇ ಸೆಕೆಂಡಿಗೆ ಜಿಗಿ, ಇಷ್ಟನೇದಕ್ಕ ಸುಮ್ಮನಾಗು.

ಇದು ಗೀಗೀ ಹಾಡವರಿಗೆ ಹೊಸದಲ್ಲ. ಸವಾಲ-ಜವಾಬಿನ ಹಾಡಿನ್ಯಾಗ ಖಾರದ ನುಡಿ ಇರತಾವ. ಮುಂದ ಸಣ್ಣ ಮಕ್ಕಳು ಕೂತಿದ್ದರ ನಾವು ಆ ನುಡಿ ಬಿಟ್ಟು ಮುಂದಿನದು ಎತ್ತತೀವಿ. ವಹಿಯೊಳಗ ಹಾಡು ಪೂರಾ ಇರತದ. ಮಕ್ಕಳು ನಿದ್ದಿ ಹೋದ ಮ್ಯಾಲ ಅದನ್ನೂ ಹಾಡತೀವಿ. ಯಂತ್ರಕ್ಕ ಎದುರಿನವರ ಮುಖ ಕಾಣೋದಿಲ್ಲ, ಅಷ್ಟೇ ಫರಕು.

ನಮ್ಮಲ್ಲಿ 2021ರ ಫೆಬ್ರುವರಿ 25ಕ್ಕ ಕೇಂದ್ರ ಸರಕಾರ ಹೊಸ ನಿಯಮ ತಂದಿತು. ಮೊಬೈಲಿನ್ಯಾಗ ಸಿನಿಮಾ ತೋರಿಸೋ ಕಂಪನಿಗಳು ಯು, 7+, 13+, 16+, ಎ ಅಂತ ವಯಸ್ಸು ಹಾಕಬೇಕು. 13+ ಮತ್ತು ಅದರ ಮ್ಯಾಲಿನವಕ್ಕ ಪಾಲಕರ ಕೀಲಿ ಕೊಡಬೇಕು. 2023ರಲ್ಲಿ ಟಾಕೀಜಿನ 'ಯುಎ'ಯನ್ನೂ ಹೀಗೇ ಮೂರು ಮಾಡಿದರು.

ಅಂದ್ರ ನೂರು ವರ್ಷಕ್ಕ ಕತ್ತರಿ ಮುಂಬಯಿಯಿಂದ ನಮ್ಮ ಅಡಗಿಮನಿಗೆ ಬಂದು ಮುಟ್ಟಿತು. ಈಗ ಅದನ್ನ ಹ್ಯಾಂಗ ಹಿಡೀತೀವಿ ಅನ್ನೋದು ಪ್ರಶ್ನೆ. ನಮ್ಮ ಓಣಿಯಾಗ ನಾ ಕಾಣೋದು ಹಿಂಗದ: ಹತ್ತನೇ ಇಯತ್ತೆಯ ಹುಡುಗಿಯ ಮೊಬೈಲಿಗೆ ಪೂರಾ ಕೀಲಿ, ಆರನೇ ಇಯತ್ತೆಯ ಅವಳ ತಮ್ಮನಿಗೆ ಎಲ್ಲಾ ಖುಲ್ಲಾ. ಕಾಯ್ದೆ ವಯಸ್ಸು ಕೇಳತದ, ನಾವು ಗಂಡೋ ಹೆಣ್ಣೋ ಕೇಳತೀವಿ. ಟೆಂಟಿನ ಬಾಗಿಲದವ ಇನ್ನೂ ನಮ್ಮೊಳಗ ನಿಂತಾನ.

ಇನ್ನೊಂದು ನಷ್ಟ ಅದ. ನಮ್ಮ ಮಕ್ಕಳು ಬಹುತೇಕ ಮರಾಠಿ ಸಾಲಿಗೆ ಹೋಗತಾರ. ಬೀದರ, ಕಲಬುರಗಿಯ ಆಚೆಯ ಕನ್ನಡ ಅವರ ಕಿವಿಗೆ ಬೀಳೋದು ಹಾಡು, ಸಿನಿಮಾದಿಂದ. ನನ್ನ ಮೊಮ್ಮಗಳು ಹಾಡಿನ ಕೆಳಗ ಬರೋ ಸಾಲು ನೋಡಿ ಕನ್ನಡ ಅಕ್ಷರ ಕೂಡಿಸಿ ಓದಲಿಕ್ಕ ಕಲತಾಳ. 'ಮುತ್ಯಾ, ಇದು ಏನು?' ಅಂತ ಕೇಳತಾಳ, ನಾ ಹೇಳತೀನಿ. ಪೂರಾ ಕೀಲಿ ಹಾಕಿದರ ಆ ಬಾಗಿಲೂ ಮುಚ್ಚತದ. ಅದಕ್ಕ ನಮ್ಮ ಮನಿಯಾಗ ವಯಸ್ಸಿನ ಕೀಲಿ ಅದ, ಇಬ್ಬರಿಗೂ ಒಂದೇ ನಿಯಮ. ಅಂಕಿ ಸೊಸಿಗೆ ಗೊತ್ತು.

ಕೀಲಿ ಹಿಡಿಯದ ಸಂಗತಿನೂ ಅವ. ಹೆಣ್ಣಿನ ಬೆನ್ನು ಹತ್ತಿ ಕಾಡೋದೇ ಪ್ರೀತಿ ಅಂತ ತೋರಿಸೋ ಹಾಡು, ಬಡವರ ಜಾತಿ ಹಿಡಿದು ಮಾಡೋ ನಗಿ, 'ಯು' ಚಿತ್ರದಾಗೂ ಎಷ್ಟೋ ಬಂದಾವ. ಅವಕ್ಕ ಜೋಡಿ ಕೂತು ನೋಡೋರು ಬೇಕು, ನಡುವ ನಿಲ್ಲಿಸಿ 'ಇದು ಸರಿ ಏನು?' ಅಂತ ಕೇಳೋರು ಬೇಕು.

ಗುರುಗಳಿಗೆ ನನ್ನದೊಂದು ವಿನಂತಿ. ಮುಂದಿನ ಪಾಲಕರ ಸಭೆಯಲ್ಲಿ 'ಮೊಬೈಲ ಕೊಡಬ್ಯಾಡ್ರಿ' ಅಂತ ಹೇಳಿ ಮುಗಿಸಬ್ಯಾಡ್ರಿ. ಆ ವಯಸ್ಸಿನ ಕೀಲಿ ಎಲ್ಲಿರತದ, ಹ್ಯಾಂಗ ಹಾಕಬೇಕು ಅನ್ನೋದನ್ನ ತಾಯಂದಿರ ಕೈಯಾಗ ಮೊಬೈಲ ಕೊಟ್ಟು ತೋರಿಸ್ರಿ. ಬಹಳ ಮನಿಯಾಗ ಆ ಪಟ್ಟಿ ಇಂಗ್ಲಿಷಿನಾಗ ಕಾಣತದ, ಓದಲಿಕ್ಕ ಬರೋದಿಲ್ಲ. ಅರ್ಧ ತಾಸಿನ ಕೆಲಸ. ವಾಚನಾಲಯದ ಜಗಲಿ ಖಾಲಿ ಅದ, ಅಲ್ಲೇ ಕೂಡಬಹುದು.