ಬಿನ್ನಹದಿಂದ ಪ್ರಶ್ನೆಗೆ

ಬಿನ್ನಿಪೇಟೆಯೆಂಬ ಹೆಸರನ್ನು ಮೊದಲ ಸಲ ಕೇಳಿದ ಕನ್ನಡಿಗನು, ಹಿಂದೆ ಯಾರೋ ಅಲ್ಲಿ ದೊರೆಗೆ ಬಿನ್ನಹ ಮಾಡಿಕೊಂಡಿದ್ದರಿಂದ ಊರಿಗೆ ಆ ಹೆಸರು ಬಂದಿತೆಂದು ಊಹಿಸಿದರೆ ಅದು ತಪ್ಪಾದೀತು. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ಮದರಾಸಿನ ಬಿನ್ನಿ ಕಂಪನಿಯವರ ಆಡಳಿತಕ್ಕೆ ಬಂದುದರಿಂದ ಆ ಗಿರಣಿಗೂ, ಅದರ ಸುತ್ತ ಬೆಳೆದ ಪೇಟೆಗೂ ಆ ಹೆಸರು ನಿಂತಿತು. ಆದರೂ ತಪ್ಪಾದ ಆ ಊಹೆಯು ನಮ್ಮನ್ನು ಒಂದು ನಿಜವಾದ ಕಥೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ನಮ್ಮ ನಾಡಿನ ಪ್ರಜೆಯು ಸರಕಾರದ ಎದುರಿನಲ್ಲಿ ಬಿನ್ನಹ ಮಾಡುವವನಾಗಿ ಹೋಗಿ, ಪ್ರಶ್ನೆ ಕೇಳುವವನಾಗಿ ಹೇಗೆ ಹಿಂದಿರುಗಿದನೆಂಬುದೇ ಆ ಕಥೆ.

ಬಿನ್ನಹಕ್ಕೂ ಪ್ರಶ್ನೆಗೂ ಇರುವ ಅಂತರವು ಮಾತಿನ ಅಂತರ ಮಾತ್ರವಲ್ಲ. ನಮ್ಮೂರಿಗೆ ಒಂದು ಪಾಠಶಾಲೆಯನ್ನು ದಯಪಾಲಿಸಬೇಕೆಂಬುದು ಬಿನ್ನಹ. ಪಾಠಶಾಲೆಗೆಂದು ಎತ್ತಿಟ್ಟ ಹಣವು ಏನಾಯಿತೆಂಬುದು ಪ್ರಶ್ನೆ. ಮೊದಲನೆಯದಕ್ಕೆ ಒಡೆಯನ ಕೃಪೆಯೇ ಉತ್ತರ; ಎರಡನೆಯದಕ್ಕೆ ಲೆಕ್ಕವೇ ಉತ್ತರ. ಕೃಪೆಯನ್ನು ಬೇಡುವವನು ಕೈಮುಗಿಯಬೇಕು. ಲೆಕ್ಕವನ್ನು ಕೇಳುವವನು ಓದಿಕೊಂಡು ಬಂದಿರಬೇಕು.

ಮೈಸೂರು ಸಂಸ್ಥಾನವು ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ 1881ನೆಯ ಮಾರ್ಚಿ 25ರಂದು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ಮರಳಿ ಬಂದಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1876ರಿಂದ 1878ರವರೆಗಿನ ಕ್ಷಾಮದಲ್ಲಿ, ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ನಾಶವಾಗಿತ್ತು. ಬೊಕ್ಕಸವು ಬರಿದಾಗಿತ್ತು, ಸಾಲವೂ ಇತ್ತು. ಅಂತಹ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು, ಖರ್ಚನ್ನು ಕಡಮೆಮಾಡುವುದರ ಜೊತೆಗೆ, ಖರ್ಚಿನ ವಿವರವನ್ನು ಪ್ರಜೆಗಳ ಮುಂದಿಡುವ ಸಂಕಲ್ಪವನ್ನೂ ಕೈಕೊಂಡರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿಸಭೆಯು ಮೊದಲ ಸಲ ಸೇರಿತು. ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು, ಹೀಗೆ ಆಯ್ದ ಪ್ರಮುಖರು ಅವರು. ಬೆಂಗಳೂರಿನಿಂದ ಹಾಕಿದ ರೈಲು ಮೈಸೂರನ್ನು ಮುಟ್ಟಿದುದು 1882ರಲ್ಲಿ. ಆದುದರಿಂದ ಆ ಮೊದಲ ವರ್ಷ ನಮ್ಮ ಕಡೆಯ ಪ್ರತಿನಿಧಿಗಳು ರೈಲಿನಲ್ಲಿಯೇ ಮೈಸೂರಿನವರೆಗೆ ಹೋಗುವ ಹಾಗಿರಲಿಲ್ಲ.

ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ದಿವಾನರನ್ನು ಇಳಿಸುವ ಮಾತಂತೂ ದೂರವೇ ಉಳಿಯಿತು. ದಿವಾನರೇ ಅಧ್ಯಕ್ಷರು, ದಿವಾನರೇ ಉತ್ತರವೀಯುವವರು. ಅವರ ಹೊಣೆಯು ಮಹಾರಾಜರಿಗೆ ಸಲ್ಲುವುದೇ ಹೊರತು ಸಭೆಗಲ್ಲ. ಸರಕಾರದ ಉದ್ದೇಶಗಳನ್ನು ಪ್ರಜೆಗಳಿಗೆ ತಿಳಿಸುವುದು, ಪ್ರಜೆಗಳ ಕುಂದುಕೊರತೆಗಳನ್ನು ಸರಕಾರವು ಆಲಿಸುವುದು, ಇಷ್ಟೇ ಅದರ ಕಾರ್ಯ. ರಂಗಾಚಾರ್ಲು ಅವರು 1883ರ ಆರಂಭದಲ್ಲಿಯೇ ಗತಿಸಿದರು. ಅವರ ತರುವಾಯ ಬಂದ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಚುನಾವಣೆಯ ಕ್ರಮವು ಬಂದಿತು.

ಇಂತಹ ಸಭೆಯನ್ನು ದಸರೆಯ ಇನ್ನೊಂದು ಬೊಂಬೆಯೆಂದು ಹಾಸ್ಯ ಮಾಡುವುದು ಸುಲಭ. ಆದರೆ ಅದರ ಮುದ್ರಿತ ವರದಿಗಳನ್ನು ತೆರೆದು ನೋಡುವವರಿಗೆ ಆ ಹಾಸ್ಯವು ಬಹುಕಾಲ ನಿಲ್ಲದು. ಒಂದು ತಾಲ್ಲೂಕಿನವರು ಕೆರೆಯ ಕೋಡಿಯ ದುರಸ್ತಿಯನ್ನು ಕೇಳುವರು. ಇನ್ನೊಂದರವರು ಸಂತೆಗೆ ಹೋಗುವ ರಸ್ತೆಯನ್ನು, ಮತ್ತೊಂದರವರು ಆಸ್ಪತ್ರೆಯನ್ನು, ಹೆಣ್ಣುಮಕ್ಕಳ ಪಾಠಶಾಲೆಯನ್ನು ಕೇಳುವರು. ಉತ್ತರವು ಹಲವು ವೇಳೆ "ಪರಿಶೀಲಿಸಲಾಗುವುದು" ಎಂಬಷ್ಟರಲ್ಲಿಯೇ ಮುಗಿಯಬಹುದು. ಆದರೂ ಕೇಳಿದ ಮಾತು ಅಚ್ಚಿನಲ್ಲಿ ಉಳಿಯಿತು. ಮುಂದಿನ ದಸರೆಗೆ ಬಂದವನು ಹಿಂದಿನ ದಸರೆಯ ಉತ್ತರವನ್ನು ಕೈಯಲ್ಲಿ ಹಿಡಿದು ಬರಬಹುದಾಗಿತ್ತು. ಬಿನ್ನಹವು ಪ್ರಶ್ನೆಯಾಗಿ ತಿರುಗಿದ ಗಳಿಗೆ ಅದು. ಮರೆತುಹೋಗುವ ಅನುಕೂಲವನ್ನು ಅಧಿಕಾರಿಯ ಕೈಯಿಂದ ತೆಗೆದುಕೊಳ್ಳುವುದು ಅಲ್ಪವಾದ ಗೆಲುವಲ್ಲ.

ಇತರ ದೇಶಗಳಲ್ಲಿಯೂ ಪ್ರಶ್ನೆಯ ಹಕ್ಕು ಮೆಲ್ಲಮೆಲ್ಲನೆ ಬೆಳೆದುದೇ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಯಾದ ಮೊದಲ ಪ್ರಶ್ನೆಯು 1721ರದು. ದಿವಾಳಿಯ ಹಗರಣದಲ್ಲಿದ್ದ ಸೌತ್ ಸೀ ಕಂಪನಿಯ ಖಜಾನೆಯವನು ದೇಶ ಬಿಟ್ಟು ಓಡಿದುದು ನಿಜವೇ ಎಂದು ಕೌಪರ್ ಪ್ರಭುವು ಮಂತ್ರಿಗಳನ್ನು ಕೇಳಿದನು. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು 1892ರ ಶಾಸನದಿಂದ ಬಂದಿತು. ಉತ್ತರವನ್ನು ಕೇಳಿ ಅದರ ಮೇಲೆ ಮರುಪ್ರಶ್ನೆ ಹಾಕುವ ಹಕ್ಕು ಬರಲು 1909ರವರೆಗೆ ಕಾಯಬೇಕಾಯಿತು. ಮೈಸೂರಿನಲ್ಲಿ 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಎಂದರೆ 1912ರಿಂದ 1918ರವರೆಗೆ, ಅದರ ಸದಸ್ಯರ ಸಂಖ್ಯೆ ಏರಿತು. ಪ್ರಶ್ನೆ ಕೇಳಲೂ ಆಯವ್ಯಯವನ್ನು ಚರ್ಚಿಸಲೂ ಅವಕಾಶ ದೊರೆಯಿತು. ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವ 1913ರ ಶಾಸನವೂ ಅದೇ ಕಾಲದ್ದು. ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಸಮಿತಿಯ ಆಲೋಚನೆಯನ್ನನುಸರಿಸಿ 1923ರಲ್ಲಿ ಎರಡು ಸಭೆಗಳಿಗೂ ಶಾಸನದ ಆಧಾರ ದೊರೆಯಿತು. ಸ್ತ್ರೀಯೆಂಬ ಕಾರಣದಿಂದ ಮತವನ್ನು ನಿರಾಕರಿಸುವುದು ನಿಂತುಹೋಯಿತು.

ಇಷ್ಟನ್ನು ಹೇಳಿ ಸುಮ್ಮನಾದರೆ ಚರಿತ್ರೆಗೆ ಅಪಚಾರವಾದೀತು. ಪ್ರಶ್ನೆ ಕೇಳಬಹುದಾಗಿದ್ದವರು ಯಾರು? ಆಸ್ತಿಯುಳ್ಳವರು, ಕಂದಾಯ ಕೊಡುವವರು, ಓದಿದವರು. ಬಿನ್ನಿ ಗಿರಣಿಯ ಕೂಗನ್ನು ಕೇಳಿ ನಸುಕಿನಲ್ಲಿ ಎದ್ದು ಓಡುತ್ತಿದ್ದ ಕೂಲಿಕಾರನು ಆ ಪಟ್ಟಿಯಲ್ಲಿ ಸೇರಿದವನಲ್ಲ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳೂ ಗಾಳಿಬೆಳಕಿನ ಮನೆಗಳೂ ಬೆಳೆದುವು. 1905ರಲ್ಲಿ ಪೇಟೆಯ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಗಿರಣಿಯ ಸುತ್ತಣ ಓಣಿಗಳ ಪರವಾಗಿ ಕೇಳಲು ಆ ಓಣಿಗಳವನೇ ಆದ ಮತದಾರನು ಸಭೆಯ ಹಿಂದೆ ಇರಲಿಲ್ಲ. 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರಕಾರವು ಬಂದಿತು. 1949ರಲ್ಲಿ ಆ ಹಳೆಯ ಸಭೆಗಳು ವಿಸರ್ಜಿತವಾದುವು. ಕೂಲಿಕಾರನಿಗೂ ಅವನ ಹೆಂಡತಿಗೂ ಸಮನಾದ ಮತವು ದೊರೆತುದು 1951-52ರ ಮಹಾಚುನಾವಣೆಯಲ್ಲಿ. ಮೊದಲ ಸಭೆಯಿಂದ ಇದಕ್ಕೆ ಎಪ್ಪತ್ತು ವರ್ಷಗಳು ಹಿಡಿದುವು.

ಅಧಿಕಾರವಿಲ್ಲದ ಸಭೆಯು ಪ್ರಶ್ನೆಯ ಬಲದಿಂದ ಬೆಳೆಯುವ ರೀತಿಗೆ ನಮ್ಮ ಕಾಲದ ಇನ್ನೊಂದು ನಿದರ್ಶನವುಂಟು. ಬ್ರಿಟನ್ನಿನ ಪಶ್ಚಿಮದ ಸಣ್ಣ ನಾಡಾದ ವೇಲ್ಸಿನಲ್ಲಿ, ಜನಮತದ ತೀರ್ಮಾನದಂತೆ, 1999ರಲ್ಲಿ 60 ಮಂದಿಯ ಸಭೆಯೊಂದು ಸ್ಥಾಪಿತವಾಯಿತು. ಮೂಲಶಾಸನಗಳನ್ನು ಮಾಡುವ ಅಧಿಕಾರ ಅದಕ್ಕೆ ಮೊದಲು ಇರಲಿಲ್ಲ. ಅಲ್ಲಿಯ ಸದಸ್ಯರು ತಮ್ಮ ಮಂತ್ರಿಗಳನ್ನು ಹಳ್ಳಿಯ ಶಾಲೆಯ ವಿಷಯವಾಗಿ, ರಸ್ತೆಯ ವಿಷಯವಾಗಿ, ವ್ಯಾಪಾರವಿಲ್ಲದೆ ಬಾಡುತ್ತಿರುವ ಪೇಟೆಬೀದಿಗಳ ವಿಷಯವಾಗಿ ಕೇಳುತ್ತ ಬಂದರು. 2011ರ ಜನಮತದಿಂದ ಅದಕ್ಕೆ ಶಾಸನಾಧಿಕಾರವು ಪೂರ್ಣವಾಗಿ ಬಂದಿತು. 2020ರಿಂದ ಅದನ್ನು ಅವರ ನುಡಿಯಲ್ಲಿಯೇ ಸೆನೆಡ್ ಎಂದು ಕರೆಯುತ್ತಾರೆ. ನಮ್ಮ ಹಳೆಯ ಸಭೆಯ ರೈತ ಪ್ರತಿನಿಧಿಯು ಅಲ್ಲಿ ಹೋಗಿ ಕುಳಿತರೆ ಭಾಷೆ ತಿಳಿಯದಿದ್ದರೂ ವಿಷಯವು ತಿಳಿದೀತು. ಶಾಲೆ, ರಸ್ತೆ, ಸಂತೆಬೀದಿ: ಪ್ರಜೆಯು ಸರಕಾರವನ್ನು ಪ್ರತಿದಿನವೂ ಕಾಣುವುದು ಈ ಮೂರರಲ್ಲಿಯೇ.

ಈಗ ನಮ್ಮ ಬಿನ್ನಿಪೇಟೆಯನ್ನು ನೋಡೋಣ. ಗಿರಣಿಯ ಕೂಗು ನಿಂತುಹೋಗಿದೆ. ಅದರ ಬಯಲಿನಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ. ವಿಧಾನಸಭೆಯಲ್ಲಿ ಬಿನ್ನಿಪೇಟೆಯೆಂಬ ಹೆಸರಿನ ಕ್ಷೇತ್ರವೊಂದಿತ್ತು. 2008ರ ಪುನರ್ವಿಂಗಡಣೆಯಲ್ಲಿ ಆ ಹೆಸರೂ ಹೋಯಿತು. ನಗರದ ಮಟ್ಟಿಗೆ ಹೇಳುವುದಾದರೆ, 2006ರಿಂದ 2010ರವರೆಗೆ ಬೆಂಗಳೂರಿಗೆ ಚುನಾಯಿತ ಪಾಲಿಕೆಯಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಮತ್ತೆ ಐದು ವರ್ಷಗಳು ಚುನಾವಣೆಯಿಲ್ಲದೆಯೇ ಕಳೆದುವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯು ಐದಾಗಿ ಒಡೆಯಿತು. ಆ ಐದು ವರ್ಷಗಳಲ್ಲಿ ಚರಂಡಿ ಕಟ್ಟಿದರೆ ನಾವು ಅಧಿಕಾರಿಗೆ ಅರ್ಜಿ ಬರೆದೆವು. ಆ ಅರ್ಜಿಗೆ ಹಳೆಯ ಹೆಸರೇನೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕಾರಿಗಳಲ್ಲಿ ದಕ್ಷರಿಲ್ಲವೆಂದಲ್ಲ. ದಕ್ಷರಾದ ದಿವಾನರ ಪರಂಪರೆಯೇ ನಮ್ಮಲ್ಲಿ ಇದ್ದಿತು. ಆದರೆ ದಕ್ಷತೆಯ ಜೊತೆಗೆ ಪ್ರಶ್ನೆಯೂ ಬೇಕೆಂಬುದನ್ನು ಕಂಡವರು, ಕ್ಷಾಮದಿಂದ ಕಂಗೆಟ್ಟ ನಾಡಿನ ದಿವಾನರಾದ ರಂಗಾಚಾರ್ಲು ಅವರೇ. ಬಹುಕಾಲ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದ ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದುದು, ಕೇಳುವವನಿಗೆ ಕೇಳುವ ವಿದ್ಯೆಯೂ ಇರಬೇಕೆಂಬ ಕಾರಣದಿಂದ. ಸಭೆಗಳು ಬರಬಹುದು, ಹೋಗಬಹುದು. ಹೆಸರು, ಗಡಿಗಳು ಬದಲಾಗಬಹುದು. ಕಳೆದ ವರ್ಷ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಂಡು ಈ ವರ್ಷ ಮತ್ತೆ ಕೇಳುವವನೊಬ್ಬನು ಪ್ರತಿ ಪೇಟೆಯಲ್ಲಿಯೂ ಇದ್ದರೆ, 1881ರಲ್ಲಿ ದೂರದ ದಾರಿ ನಡೆದು ಮೈಸೂರಿಗೆ ಹೋದ ಆ 144 ಮಂದಿಯ ಪಯಣವು ವ್ಯರ್ಥವಾಗಲಿಲ್ಲವೆಂದು ಭಾವಿಸಬಹುದು.