ಪುಟ್ಟ ಮನೆಯ ಹಳೆಯ ಚರಿತ್ರೆ

ಕಾರ್ಖಾನೆಯಲ್ಲಿ ಬಿಡಿಭಾಗಗಳಾಗಿ ಸಿದ್ಧಗೊಂಡು ನಿವೇಶನದಲ್ಲಿ ಜೋಡಣೆಯಾಗುವ ಪುಟ್ಟ ಮನೆಗಳನ್ನು ಇಂದು ಅನೇಕರು ಕೊಂಡಾಡುತ್ತಾರೆ: ಖರ್ಚು ಕಡಿಮೆ, ಸಾಲ ಕಡಿಮೆ, ಗುಡಿಸಿ ಒರೆಸುವ ಶ್ರಮವೂ ಕಡಿಮೆ. ಒಂದೇ ಮಾದರಿಯ ಚಿಕ್ಕ ವಸತಿಗಳಲ್ಲಿ ಬದುಕುವ ಪ್ರಯೋಗ ಧರ್ಮಸಭೆಗೆ ಹೊಸದಲ್ಲ.

ಈಜಿಪ್ಟಿನ ನೈಲ್ ಮುಖಜಭೂಮಿಯ ಪಶ್ಚಿಮಕ್ಕೆ ಕೆಲ್ಲಿಯಾ ಎಂಬ ಸನ್ಯಾಸಿಗಳ ನೆಲೆಯಿತ್ತು. ಆ ಹೆಸರಿನ ಅರ್ಥವೇ ‘ಕೋಣೆಗಳು’. ನಿತ್ರಿಯಾದಲ್ಲಿ ಜನ ಹೆಚ್ಚಿ ಮೌನ ಕದಡಿದಾಗ, ಸುಮಾರು 338ರಲ್ಲಿ, ಅಮೋನನು ಸಂತ ಅಂತೋಣಿಯವರ ಸಲಹೆ ಕೇಳಿದನೆಂದು ಪರಂಪರೆ ಹೇಳುತ್ತದೆ. ಇಬ್ಬರೂ ಮಧ್ಯಾಹ್ನದ ಊಟ ಮುಗಿಸಿ, ಹೊತ್ತು ಮುಳುಗುವವರೆಗೆ ಮರುಭೂಮಿಯಲ್ಲಿ ನಡೆದು, ನಿಂತಲ್ಲಿ ಶಿಲುಬೆ ನೆಟ್ಟರಂತೆ. ಊಟವಾದ ಮೇಲೆ ಹೊರಟ ಸಹೋದರನು ಕತ್ತಲಾಗುವ ಮೊದಲು ತಲುಪುವಷ್ಟು ದೂರ. ಏಕಾಂತಕ್ಕೂ ಸಹೋದರತ್ವಕ್ಕೂ ಹೊಂದುವ ಅಳತೆ. ಇದಕ್ಕಿಂತ ಸೊಗಸಾದ ಬಡಾವಣೆಯ ಯೋಜನೆಯನ್ನು ನಾನು ಕಂಡಿಲ್ಲ.

1960ರ ದಶಕದಿಂದ ಫ್ರೆಂಚ್ ಮತ್ತು ಸ್ವಿಸ್ ಪುರಾತತ್ತ್ವಜ್ಞರು ಅಲ್ಲಿ ನೂರಾರು ವಸತಿಗಳ ಅವಶೇಷಗಳನ್ನು ಗುರುತಿಸಿದರು. ನಮ್ಮ ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳಂತೆ ಅವೂ ಮಣ್ಣಿನವು. ಆದರೆ ಆರು, ಏಳನೆಯ ಶತಮಾನದ ವಸತಿಗಳಲ್ಲಿ ಅಂಗಳ, ಹಲವು ಕೋಣೆಗಳು, ಚಿತ್ರ ಬರೆದ ಗೋಡೆಗಳೂ ಕಾಣುತ್ತವೆ. ಕೋಣೆ ತಾನಾಗಿ ಚಿಕ್ಕದಾಗಿ ಉಳಿಯುವುದಿಲ್ಲ. 1084ರಲ್ಲಿ ಸಂತ ಬ್ರೂನೊ ಆರಂಭಿಸಿದ ಕಾರ್ಥೂಸಿಯನ್ ಪರಂಪರೆಯು ಪ್ರತಿಯೊಬ್ಬ ಸನ್ಯಾಸಿಗೂ ಸಮಾನ ಮಾದರಿಯ ಪುಟ್ಟ ಮನೆ ಹಾಗೂ ಕೈತೋಟ ಕೊಟ್ಟು, ನಿಯಮದ ಬಲದಿಂದ ಆ ಮಿತಿಯನ್ನು ಕಾಯ್ದುಕೊಂಡಿತು.

ಇಷ್ಟರಿಂದಲೇ ಚಿಕ್ಕದೆಲ್ಲವೂ ಪವಿತ್ರವೆಂದು ಬಗೆಯಲಾಗದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಬಳಿಕ ಬಳ್ಳಾರಿಯು ದಂಡಿನ ಊರಾಯಿತು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಇಂಥ ದಂಡುಪ್ರದೇಶಗಳಲ್ಲಿ ವಿಶಾಲ ಆವರಣದ ನಡುವೆ ಅಧಿಕಾರಿಯ ಬಂಗಲೆ, ಹಿಂಬದಿಯಲ್ಲಿ ಆಳುಕಾಳುಗಳ ಸಾಲುಕೋಣೆಗಳು. ಅವೂ ಚಿಕ್ಕವು, ಒಂದೇ ಅಳತೆಯವು. ಆದರೆ ಆ ಅಳತೆಯನ್ನು ನಿರ್ಧರಿಸಿದವನು ಅಲ್ಲಿ ಮಲಗುವವನಲ್ಲ. ಬಡವರಿಗೆ ಪುಟ್ಟ ಮನೆಯ ಲಾಭಗಳನ್ನು ಬೋಧಿಸುವ ಮುನ್ನ ಯಾಜಕರಾದ ನಾವು ಈ ಹಿಂಬದಿಯ ಸಾಲನ್ನು ನೆನೆಯಬೇಕು. ನಾವು ಬೋಧಿಸುವುದು ಹೆಚ್ಚಾಗಿ ಬಂಗಲೆಯ ಜಗಲಿಯಿಂದಲೇ.

1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ಮೊದಲ ಇಬ್ಬರು ಧರ್ಮಾಧ್ಯಕ್ಷರೂ ಫ್ರಾನ್ಸಿಸ್ಕನ್ನರು. ಅವರ ಸಭೆಯ ಮೊದಲ ದಿನಗಳನ್ನು ಚೆಲಾನೊದ ಥಾಮಸ್ ದಾಖಲಿಸಿದ್ದಾನೆ. ರಿವೊ ತೊರ್ತೊದ ಗುಡಿಸಲು ಎಷ್ಟು ಇಕ್ಕಟ್ಟಾಗಿತ್ತೆಂದರೆ, ಪ್ರತಿಯೊಬ್ಬನೂ ತನ್ನ ಜಾಗವನ್ನು ಅರಿಯಲೆಂದು ಫ್ರಾನ್ಸಿಸರು ತೊಲೆಗಳ ಮೇಲೆ ಸಹೋದರರ ಹೆಸರು ಬರೆದರು. ಮುಂದೆ ಪೊರ್ಜಿಯುಂಕೊಲಾದಲ್ಲಿ, ಅವರಿಲ್ಲದ ವೇಳೆ, ಅಸ್ಸಿಸಿಯ ಜನರು ಸಹೋದರರಿಗಾಗಿ ದೊಡ್ಡ ಮನೆಯೊಂದನ್ನು ಕಟ್ಟಿಸಿದರು. ಹಿಂದಿರುಗಿದ ಫ್ರಾನ್ಸಿಸರು ಮಾಡು ಹತ್ತಿ ಹೆಂಚುಗಳನ್ನು ಕಿತ್ತೆಸೆಯತೊಡಗಿದರು. ಅದು ಸಹೋದರರದಲ್ಲ, ಊರಿನ ಸ್ವತ್ತು ಎಂದು ಅಲ್ಲಿದ್ದ ಯೋಧರು ತಿಳಿಸಿದಾಗ ಅವರು ಕೆಳಗಿಳಿದರು.