ಟ್ರಯಂಫ್ ಟಿಆರ್ ಕಾರು: ಹಿಂಬದಿಯ ಚಾಸಿ ಮತ್ತು ಬಾಡಿ ಮರಳಿ ಕಟ್ಟುವ ಕ್ರಮ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗುತ್ತಿದ್ದ ಟ್ರಯಂಫ್ ಟಿಆರ್ ಸ್ಪೋರ್ಟ್ಸ್ ಕಾರುಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಮ್ಮ ಲಾರಿಗಳಂತೆಯೇ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿಯನ್ನು ಬೋಲ್ಟಿನಿಂದ ಕೂರಿಸಿರುತ್ತಾರೆ. 1965ರಲ್ಲಿ ಬಂದ ಟಿಆರ್4ಎ ಮಾದರಿಗೆ, ಎರಡು ಹಿಂಚಕ್ರಗಳೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವಂಥ ಹೊಸ ಚಾಸಿ ಬಂತು. (ಅಮೆರಿಕಕ್ಕೆ ಹೋದ ಕೆಲವು ಕಾರುಗಳಲ್ಲಿ ಮಾತ್ರ ಹಳೆಯ ಗಟ್ಟಿ ಆಕ್ಸಲ್ ಉಳಿಯಿತು.) ಅದೇ ವಿನ್ಯಾಸ ಟಿಆರ್5, ಟಿಆರ್6 ಮಾದರಿಗಳಲ್ಲೂ ಮುಂದುವರಿದು 1976ರವರೆಗೆ ನಡೆಯಿತು. ಟಿಆರ್4ಎಯ ನಾಲ್ಕು ಸಿಲಿಂಡರಿನ ಎಂಜಿನ್ ಮತ್ತು ಹಳೆಯ ಫರ್ಗ್ಯುಸನ್ ಟ್ರಾಕ್ಟರಿನ ಎಂಜಿನ್ ಒಂದೇ ವಂಶದವು ಎಂದರೆ ರೈತರಿಗೆ ನಗು ಬಂದೀತು.

ಈ ಕಾರುಗಳ ಹಿಂಭಾಗ ಹೊರಗಿನಿಂದ ನೋಡುವವರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಡಿಕ್ಕಿ ಹೊಸದರಂತೆ ಹೊಳೆಯುತ್ತದೆ. ಕೆಳಗೆ ಚಾಸಿ ಕಾಗದದಷ್ಟು ತೆಳುವಾಗಿರಬಹುದು. ಆದ್ದರಿಂದ ಅನುಭವಿ ಟಿಂಕರುಗಳು ಮೊದಲು ಕಾರಿನಡಿ ಮಲಗಿ, ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ತಟ್ಟಿ ನೋಡಬೇಕಾದ ಮುಖ್ಯ ಜಾಗಗಳು ಮೂರು. ಎರಡೂ ಕಡೆಯ ಉದ್ದ ತೊಲೆಗಳು ಕಾರಿನ ನಡುವೆ ಒಳಕ್ಕೆ ಬಾಗಿ ಸೇರುವಲ್ಲಿ ಮೇಲೊಂದು ಕೆಳಗೊಂದು ಅಗಲ ತಗಡು ಇದೆ. ಆಕಾರ ನೋಡಿ ಅದಕ್ಕೆ 'ಟೀ ಶರ್ಟ್' ಎಂದೇ ಹೆಸರು. ಒಳಗೆ ನಿಂತ ನೀರು ಹೊರಬರಲು ದಾರಿಯಿಲ್ಲದೆ ಇಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಎರಡನೆಯದು, ಹಿಂಚಕ್ರಗಳನ್ನು ಹಿಡಿದಿರುವ ಅಲ್ಯೂಮಿನಿಯಂ ತೋಳುಗಳು ಜೋಡಣೆಯಾಗುವ ಅಡ್ಡತೊಲೆಯ ತುದಿ. ಚಕ್ರ ಎರಚಿದ ಕೆಸರೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ಆ ತುದಿ ಸಡಿಲಾದರೆ ತಿರುವಿನಲ್ಲಿ ಹಿಂದಿನ ಚಕ್ರ ತಾನೇ ದಿಕ್ಕು ಬದಲಿಸುತ್ತದೆ. ಸ್ಟಿಯರಿಂಗ್ ಹಿಡಿದವನ ಜೀವಕ್ಕೇ ಸಂಚಕಾರ.

ಮೂರನೆಯದು ಡಿಫರೆನ್ಷಿಯಲ್ ತೂಗಿರುವ ನಾಲ್ಕು ಪಿನ್ನುಗಳು. ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ನಿನ ಎಳೆತ ಇವುಗಳ ಮೇಲೆ ಬೀಳುವುದರಿಂದ, ಅದರಲ್ಲೂ ಮುಂದಿನ ಪಿನ್ನುಗಳ ಬುಡದಲ್ಲಿ ತಗಡು ಸೀಳುತ್ತದೆ. ಹೊರಡುವಾಗ ಹಿಂದೆ 'ಟಕ್' ಎಂದು ಸದ್ದು ಬಂದರೆ ಅನುಮಾನ ಇಲ್ಲಿಗೇ ಹೋಗಬೇಕು. ಸೀಳಿನ ಮೇಲೆ ಬರೀ ವೆಲ್ಡಿಂಗ್ ಎಳೆದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಡಿಫರೆನ್ಷಿಯಲ್ ಇಳಿಸಿ, ಲೋಹ ಬೆಳ್ಳಗಾಗುವವರೆಗೆ ಉಜ್ಜಿ, ಸೀಳು ಮುಚ್ಚಿ, ಪಿನ್ನಿನ ಸುತ್ತ ಆಸರೆ ತಗಡುಗಳನ್ನು ಕೂರಿಸಿ ವೆಲ್ಡ್ ಮಾಡುವುದೇ ಸರಿಯಾದ ದಾರಿ.

ಬಾಡಿ ಎತ್ತುವ ಅವಸರ ಬೇಡ. ಬಾಗಿಲ ಕೆಳಗಿನ ಸಿಲ್ ಕೊಳೆತ ತೆರೆದ ಕಾರನ್ನು ಹಾಗೆಯೇ ಎತ್ತಿದರೆ ನಡುಮುರಿದ ಮಂಚದಂತೆ ಜೋಲುತ್ತದೆ, ಮತ್ತೆ ಬಾಗಿಲು ಹೊಂದುವುದಿಲ್ಲ. ಬಾಗಿಲ ಕಂಡಿಗೆ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಉಕ್ಕಿನ ಪೈಪು ವೆಲ್ಡ್ ಮಾಡಿ, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಂಡು, ಒಂದು ಬದಿಯ ಸಿಲ್ ಪೂರ್ತಿ ಮುಗಿಸಿದ ಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಬೇಕು. ಈ ಹಂತದಲ್ಲಿ ಉಳಿಸಿದ ಒಂದು ದಿನ ಕೊನೆಗೆ ಒಂದು ತಿಂಗಳನ್ನು ನುಂಗುತ್ತದೆ.

ಸೀಟಿನ ಹಿಂದಿರುವ ಪೆಟ್ರೋಲ್ ಟ್ಯಾಂಕ್ ಬೆಂಕಿ ಹೊತ್ತಿಸುವ ಮೊದಲೇ ಕಾರಿನಿಂದ ದೂರ ಹೋಗಿರಬೇಕು. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ.

ಹಿಂದಿನ ಮಡ್‌ಗಾರ್ಡ್‌ಗಳು ಬೋಲ್ಟಿನವು, ಬಿಚ್ಚಬಹುದು. ಆದರೆ ಒಳಗಿನ ನಟ್ಟುಗಳು ತುಕ್ಕಿಗೆ ಸುತ್ತುತ್ತವೆ, ಹಲವನ್ನು ಕತ್ತರಿಸಲೇಬೇಕಾಗುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಡಿಕ್ಕಿಯ ನೆಲ, ಚಕ್ರದ ಕಮಾನು ಸಾಮಾನ್ಯವಾಗಿ ಹೊಸ ತಗಡನ್ನೇ ಬೇಡುತ್ತವೆ. ಇಲ್ಲಿ ಜೋಡಣೆಯ ಕ್ರಮವೇ ಎಲ್ಲ. ಮೊದಲು ಬಾಗಿಲು ಹೊಂದಬೇಕು, ಬಾಗಿಲಿಗೆ ಮಡ್‌ಗಾರ್ಡ್, ಎರಡು ಮಡ್‌ಗಾರ್ಡ್‌ಗಳ ನಡುವೆ ಡಿಕ್ಕಿ ಮುಚ್ಚಳ, ಅದಕ್ಕೆ ಹೊಂದಿಕೊಂಡು ಕೊನೆಯ ಹಿಂದಿನ ಫಲಕ. ಎಲ್ಲವನ್ನೂ ಕ್ಲಾಂಪಿನಲ್ಲಿ ಹಿಡಿದು, ಸಂದು ಸಮವಾಗಿದೆ ಎಂದು ಖಾತ್ರಿಯಾದ ಮೇಲೆ ವೆಲ್ಡಿಂಗ್. ಟಿಆರ್6ರಲ್ಲಿ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಜರ್ಮನಿಯ ಕಾರ್ಮನ್ ಸಂಸ್ಥೆ, ಇಟಲಿಯ ಮಿಕೆಲೊಟ್ಟಿ ರೂಪಿಸಿದ್ದ ಹಳೆಯ ಬಾಡಿಯ ನಡುಭಾಗವನ್ನು ಉಳಿಸಿಕೊಂಡು, ಮೂತಿ ಬದಲಿಸಿ ಬಾಲವನ್ನು ನೇರವಾಗಿ ಕಡಿದಂತೆ ಮಾಡಿತ್ತು. ಆ ನೇರ ಗೆರೆಯಲ್ಲಿ ಎರಡು ಮಿಲಿಮೀಟರ್ ಓರೆಯೂ ಎದ್ದು ಕಾಣುತ್ತದೆ.

ಬಿಚ್ಚಿದ ಚಾಸಿಗೆ ಕೆಲವರು ಸತುವಿನ ಲೇಪ ಮಾಡಿಸುತ್ತಾರೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಅದ್ದುವ ಮೊದಲು ಮುಚ್ಚಿದ ತೊಲೆಗಳಿಗೆಲ್ಲ ರಂಧ್ರ ಕೊರೆಯಬೇಕು; ಒಳಗೆ ಸಿಕ್ಕಿದ ಗಾಳಿ, ತೇವ ಸ್ಫೋಟಿಸಬಲ್ಲದು. ಲೇಪದ ಮೇಲೆ ವೆಲ್ಡಿಂಗ್ ಮಾಡಿದರೆ ಏಳುವ ಹೊಗೆಯಿಂದ ಜ್ವರ ಬರುತ್ತದೆ, ಹಾಗಾಗಿ ರಿಪೇರಿ ಪೂರ್ತಿ ಮುಗಿದ ಮೇಲೆ ಅದ್ದುವುದು ಲೇಸು. ಬಿಸಿಗೆ ಚಾಸಿ ಸೊಟ್ಟಗಾಗಿದೆಯೇ ಎಂದು ಮರಳಿ ಅಳೆಯಬೇಕು. ಕೊನೆಗೆ ಹಿಂಚಕ್ರಗಳ ದಿಕ್ಕನ್ನು ತೋಳಿನ ಬ್ರಾಕೆಟ್ಟಿನ ಹಿಂದೆ ತೆಳು ಶಿಮ್ ಸೇರಿಸಿಯೋ ತೆಗೆದೋ ಸರಿಪಡಿಸುತ್ತಾರೆ. ಎಡ ಬಲದ ಶಿಮ್ ಲೆಕ್ಕ ತೀರಾ ಬೇರೆ ಬಂದರೆ ಚಾಸಿ ಇನ್ನೂ ನೇರವಾಗಿಲ್ಲವೆಂದೇ ತಿಳಿದು, ಅಳತೆಯ ಚೀಟಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.